ಥೈರಾಯ್ಡ್ ಇದೆಯಾ, ಇತ್ತಾ?

ನಮ್ಮ ಮನೆಯ ಬೀರುವಿನಲ್ಲಿ, ಹಳೇ ಸೀರೆಗಳ ಕೆಳಗೆ, ಒಂದು ನೀಲಿ ಪ್ಲಾಸ್ಟಿಕ್ ಫೈಲ್ ಇದೆ. ತಾಯಿ ಕಾರ್ಡ್, ಸ್ಕ್ಯಾನಿಂಗ್ ಚಿತ್ರಗಳು, ರಕ್ತದ ರಿಪೋರ್ಟು, ಡಿಸ್‌ಚಾರ್ಜ್ ಸಮ್ಮರಿ ಎಲ್ಲ ಅದರಲ್ಲೇ. ಹೋದ ತಿಂಗಳು ಆರೋಗ್ಯ ವಿಮೆಯ ಫಾರಂ ತುಂಬಲು ಅದನ್ನು ಹೊರಗೆ ತೆಗೆದೆ. 'ಮೊದಲಿನಿಂದ ಇರುವ ಕಾಯಿಲೆಗಳು' ಅನ್ನುವ ಕಾಲಂ ಎದುರು ಪೆನ್ನು ನಿಂತುಬಿಟ್ಟಿತು.

2019ರ ಜನವರಿಯ ಚೀಟಿಯಲ್ಲಿ 'ಹೈಪರ್‌ಥೈರಾಯ್ಡ್' ಅಂತ ಬರೆದಿದೆ. ಆಗಸ್ಟ್‌ನ ಡಿಸ್‌ಚಾರ್ಜ್ ಸಮ್ಮರಿಯಲ್ಲೂ ಅದೇ. ಡಿಸೆಂಬರ್‌ನ ಚೀಟಿಯಲ್ಲಿ 'ಹೈಪೋಥೈರಾಯ್ಡ್'. ಆಮೇಲೆ ಹಲ್ಲು ಕೀಳಿಸಲು ಹೋದಾಗ ಅಲ್ಲಿನ ಹುಡುಗಿ ನನ್ನ ಹೆಸರಿನ ಪಕ್ಕ ಬರೆದದ್ದು 'ಥೈರಾಯ್ಡ್ ಪ್ಲಸ್'. ಒಂದು ಜಾಸ್ತಿ, ಒಂದು ಕಮ್ಮಿ, ಇನ್ನೊಂದು ಬರೀ ಪ್ಲಸ್. ಕುತ್ತಿಗೆ ಮಾತ್ರ ಒಂದೇ.

ಇದನ್ನು ನೋಡಿ ನಗು ಬಂತು, ಯಾಕೆಂದರೆ ನನ್ನ ಕೆಲಸವೇ ಇದು. ಬೆಂಗಳೂರಿನಲ್ಲಿ ಕೂತು ಅಮೆರಿಕದ ಆಸ್ಪತ್ರೆಗಳ ಚಾರ್ಟ್ ಓದಿ ಕಾಯಿಲೆಗಳಿಗೆ ಕೋಡ್ ಹಾಕುತ್ತೇನೆ. ಮೆಡಿಕಲ್ ಕೋಡಿಂಗ್ ಅಂತಾರಲ್ಲ, ಅದು. ಕಂಡವರ ಥೈರಾಯ್ಡನ್ನು ದಿನವಿಡೀ ಅಚ್ಚುಕಟ್ಟಾಗಿ ಡಬ್ಬಿಗೆ ತುಂಬುವ ನನಗೆ ನನ್ನದನ್ನು ಯಾವ ಡಬ್ಬಿಗೆ ಹಾಕಬೇಕು ಅನ್ನುವುದೇ ಗೊತ್ತಾಗಲಿಲ್ಲ.

ಮೊದಲು ಆ ಮೂರು ಚೀಟಿಗಳ ಕಥೆ ಹೇಳುತ್ತೇನೆ.

ಹತ್ತನೇ ವಾರ. ನೀರು ಕುಡಿದರೂ ವಾಂತಿ. ಎದೆ ಡವಡವ. ಟಿಎಸ್‌ಎಚ್ ಮಾಡಿಸಿದರು. 0.05 ಬಂತು. ಲ್ಯಾಬಿನವರು ಅದನ್ನು ದಪ್ಪ ಅಕ್ಷರದಲ್ಲಿ ಹಾಕಿ ಪಕ್ಕದಲ್ಲಿ 'ಕಡಿಮೆ' ಅಂತ ಗುರುತು ಮಾಡಿದ್ದರು. ಟಿಎಸ್‌ಎಚ್ ಅಂದರೆ ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಥೈರಾಯ್ಡಿಗೆ ಕೊಡುವ ಆರ್ಡರ್. ಥೈರಾಯ್ಡ್ ಜಾಸ್ತಿ ಕೆಲಸ ಮಾಡಿದರೆ ಆರ್ಡರ್ ಇಳಿಯುತ್ತದೆ, ಸುಸ್ತಾಗಿ ಕೂತರೆ ಏರುತ್ತದೆ. ಹಾಗಾಗಿ 0.05 ನೋಡಿದವರು ಹೈಪರ್ ಅಂತ ಬರೆದದ್ದು ತಪ್ಪಲ್ಲ. ಆದರೆ ಬಸುರಿಯಲ್ಲಿ ಇನ್ನೊಂದು ಆಟ ನಡೆದಿರುತ್ತದೆ. ಗರ್ಭದ ಹಾರ್ಮೋನು ಎಚ್‌ಸಿಜಿ, ಮನೆಯಲ್ಲಿ ಮೂತ್ರ ಹಾಕಿ ನೋಡುವ ಕಿಟ್‌ನಲ್ಲಿ ಎರಡು ಗೆರೆ ತೋರಿಸುವುದು ಇದೇ. ಇದರ ಅರ್ಧ ಭಾಗ ಟಿಎಸ್‌ಎಚ್‌ನ ಅರ್ಧದಂತೆಯೇ ಇದೆ. ಅವಳಿ ಅಕ್ಕತಂಗಿಯರ ಥರ. ಎಂಟರಿಂದ ಹನ್ನೊಂದನೇ ವಾರದ ಹೊತ್ತಿಗೆ ಅದು ಮೇಲೇರಿದಾಗ ಥೈರಾಯ್ಡ್ ಇದನ್ನೇ ಆರ್ಡರ್ ಅಂದುಕೊಂಡು ಜಾಸ್ತಿ ಕೆಲಸ ಮಾಡಿಬಿಡುತ್ತದೆ. ವಾಂತಿ ಜೋರಾಗಿರುವವರಲ್ಲಿ ಇದು ಇನ್ನೂ ಜಾಸ್ತಿ. ಕಾಯಿಲೆ ಅಲ್ಲ, ಗುರುತು ತಪ್ಪಿದ್ದು ಅಷ್ಟೇ. ಎಚ್‌ಸಿಜಿ ಇಳಿದ ಮೇಲೆ ತಾನಾಗೇ ಸರಿಹೋಗುತ್ತದೆ.

ಹಾಗೇ ಆಯಿತು. ಹಾರ್ಮೋನು ನೋಡುವ ಎಂಡೋಕ್ರೈನ್ ಡಾಕ್ಟರು ಗ್ರೇವ್ಸ್ ಕಾಯಿಲೆಯ ಆಂಟಿಬಾಡಿ ಪರೀಕ್ಷೆ ಮಾಡಿಸಿದರು. ಗ್ರೇವ್ಸ್ ಅಂದರೆ ಮೈಯ ಆಂಟಿಬಾಡಿಗಳೇ ಥೈರಾಯ್ಡನ್ನು ಕೆರಳಿಸಿ ಜಾಸ್ತಿ ಕೆಲಸ ಮಾಡಿಸುವ ನಿಜವಾದ ಕಾಯಿಲೆ. ನನ್ನಲ್ಲಿ ಆ ಆಂಟಿಬಾಡಿ ಇರಲಿಲ್ಲ. "ಮಾತ್ರೆ ಏನೂ ಬೇಡಮ್ಮ, ನಾಲ್ಕು ವಾರ ಬಿಟ್ಟು ಬನ್ನಿ" ಅಂದರು. ಹದಿನೆಂಟನೇ ವಾರಕ್ಕೆ ಎಲ್ಲ ಸರಿಯಾಗಿತ್ತು. ಆದರೆ 'ಸರಿಯಾಗಿದೆ' ಅಂತ ಬರೆದ ಚೀಟಿ ಫೈಲಿನ ನಡುವೆ ಎಲ್ಲೋ ಸೇರಿಕೊಂಡಿತು. ಮೊದಲ ಪುಟದಲ್ಲಿ ಕೆಂಪು ಇಂಕಿನ ಹೈಪರ್‌ಥೈರಾಯ್ಡ್ ಹಾಗೇ ಉಳಿಯಿತು. ಹೆರಿಗೆ ದಿನ ಡ್ಯೂಟಿಯಲ್ಲಿದ್ದವರು ಮೊದಲ ಪುಟ ನೋಡಿ ಸಮ್ಮರಿಗೆ ಇಳಿಸಿದರು. ರಾತ್ರಿ ಎರಡು ಗಂಟೆಗೆ ಹೆರಿಗೆ ಆದವಳ ಫೈಲನ್ನು ಇನ್ನು ಹೇಗೆ ಓದುತ್ತಾರೆ? ನಾನಾದರೂ ಅದನ್ನೇ ಮಾಡುತ್ತಿದ್ದೆ.

ಆಮೇಲೆ ಬಾಣಂತನಕ್ಕೆ ಅಮ್ಮನ ಮನೆ. ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಬಿಸಿನೀರ ಸ್ನಾನ, ಮೆಣಸಿನ ಸಾರು. ನಾಲ್ಕನೇ ತಿಂಗಳಲ್ಲಿ ಬಚ್ಚಲ ಜಾಲರಿ ತುಂಬ ನನ್ನ ಕೂದಲು. "ಮಗು ತಾಯಿ ಮುಖ ಗುರುತು ಹಿಡಿದು ನಗೋಕೆ ಶುರು ಮಾಡ್ತಲ್ಲ, ಅದಕ್ಕೇ ಉದುರುತ್ತೆ" ಅಂದಳು ಅಜ್ಜಿ. ಎಷ್ಟು ಚಂದದ ಕಾರಣ ಅಲ್ವಾ. ಮೈಯೆಲ್ಲ ಚಳಿ ಅಂದೆ. ಬಾಣಂತಿಗೆ ಚಳಿ ಆಗದೆ ಇನ್ನೇನು, ಇನ್ನೊಂದು ಶಾಲು ಬಂತು. ಸುಸ್ತು ಅಂದೆ. ರಾತ್ರಿ ನಾಲ್ಕು ಸಲ ಎದ್ದರೆ ಯಾರಿಗೆ ಸುಸ್ತಾಗಲ್ಲ. ಮಾತಾಡಿದರೆ ಅಳು. ಅದಕ್ಕೂ ಮನೆಯಲ್ಲಿ ಒಂದು ಉತ್ತರ ರೆಡಿ ಇತ್ತು.

ಆಮೇಲೆ ಓದಿದಾಗ ಗೊತ್ತಾಯಿತು, ನ್ಯೂಜಿಲೆಂಡಿನಲ್ಲಿ ರಾಬರ್ಟನ್ ಅನ್ನುವ ಒಬ್ಬ ಸಾಮಾನ್ಯ ವೈದ್ಯರು 1948ರಲ್ಲೇ ಇದನ್ನು ಬರೆದಿಟ್ಟಿದ್ದರು. ಹೆತ್ತ ಮೇಲೆ ಕೆಲವು ಹೆಂಗಸರಿಗೆ ಆಯಾಸ, ಚಳಿ, ಕೂದಲಿನಲ್ಲಿ ಬದಲಾವಣೆ. ಥೈರಾಯ್ಡ್ ಸಾರ ಕೊಟ್ಟರೆ ಚೇತರಿಕೆ. ನಾನು ಅಜ್ಜಿಯ ಹತ್ತಿರ ಹೇಳಿಕೊಂಡ ಮೂರು ದೂರುಗಳು, ಅದೇ ಪಟ್ಟಿ. ಬಾಣಂತಿಯ ಶಾಲಿನೊಳಗೆ ಈ ಕಾಯಿಲೆ ಎಷ್ಟು ಸಲೀಸಾಗಿ ಅಡಗಿ ಕೂರುತ್ತದೆ ನೋಡಿ. ಲಕ್ಷಣ ಯಾವುದು, ಬಾಣಂತನ ಯಾವುದು ಅಂತ ಬೇರೆ ಮಾಡುವುದೇ ಕಷ್ಟ.

ಕೊನೆಗೆ ರಕ್ತ ಪರೀಕ್ಷೆ ಮಾಡಿಸಿದಾಗ ಟಿಎಸ್‌ಎಚ್ 14 ಬಂತು, ಈ ಸಲ ಜಾಸ್ತಿ. ಥೈರಾಯ್ಡ್ ಹಾರ್ಮೋನಿನ ಬದಲಿಗೆ ಕೊಡುವ ಲಿವೋಥೈರಾಕ್ಸಿನ್ ಮಾತ್ರೆ, 50 ಮೈಕ್ರೋಗ್ರಾಂ, ಶುರುವಾಯಿತು. ಚೀಟಿಯ ಮೇಲೆ 'ಹೈಪೋಥೈರಾಯ್ಡ್'. ಇದಕ್ಕೆ ಸರಿಯಾದ ಹೆಸರು ಪೋಸ್ಟ್‌ಪಾರ್ಟಮ್ ಥೈರಾಯ್ಡೈಟಿಸ್. ಹೆರಿಗೆ ಆದ ಮೇಲೆ ಗ್ರಂಥಿಗೆ ಆಗುವ ಉರಿಯೂತ. ನೂರರಲ್ಲಿ ಸುಮಾರು ಐದು ಜನ ಬಾಣಂತಿಯರಿಗೆ ಬರುತ್ತದೆ ಅಂತಾರೆ. ಬಸಿರಲ್ಲಿ ಸುಮ್ಮನಿದ್ದ ರೋಗ ನಿರೋಧಕ ಶಕ್ತಿ ಹೆರಿಗೆ ಆದ ಮೇಲೆ ಎದ್ದು ಕೂತು ಸ್ವಂತ ಗ್ರಂಥಿಯ ಮೇಲೇ ಕೈ ಮಾಡುತ್ತದೆ. ಒಡೆದ ಗ್ರಂಥಿಯಿಂದ ಕೂಡಿಟ್ಟ ಹಾರ್ಮೋನು ಮೊದಲು ಸೋರುತ್ತದೆ. ಆಗ ರಿಪೋರ್ಟ್ ಹೈಪರ್ ಅನ್ನುತ್ತದೆ. ಖಾಲಿ ಆದ ಮೇಲೆ ಹೈಪೋ. ಬಹಳಷ್ಟು ಜನರಲ್ಲಿ ವರ್ಷದೊಳಗೆ ಮತ್ತೆ ಸರಿಹೋಗುತ್ತದೆ. ಕೆಲವರಲ್ಲಿ ಹೋಗುವುದಿಲ್ಲ, ಇನ್ನು ಕೆಲವರಲ್ಲಿ ಹೋಗಿ ಎಷ್ಟೋ ವರ್ಷಕ್ಕೆ ವಾಪಸ್ ಬರುತ್ತದೆ.

ಇಲ್ಲಿ ನನ್ನ ಜಾಣತನ ಏನೂ ಇಲ್ಲ. ಒಂದು ವರ್ಷ ಆದ ಮೇಲೆ ಮಾತ್ರೆ ಕಮ್ಮಿ ಮಾಡಿ ನೋಡೋಣ ಅಂತ ಡಾಕ್ಟರು ಹೇಳಿದ್ದರು. ಕೊರೋನಾ ಬಂತು, ಮಗು ಓಡಾಡಲು ಶುರು ಮಾಡಿತು, ನಾನು ಹೋಗಲೇ ಇಲ್ಲ. ಮೆಡಿಕಲ್ ಶಾಪಿನವರು ಹಳೇ ಚೀಟಿಗೇ ಮಾತ್ರೆ ಕೊಟ್ಟರು. ನಾಲ್ಕು ವರ್ಷ ಬೆಳಿಗ್ಗೆ ಖಾಲಿ ಹೊಟ್ಟೆಗೆ ಮಾತ್ರೆ, ಕಾಫಿಗೆ ಅರ್ಧ ಗಂಟೆ ಕಾಯುವುದು. "ಥೈರಾಯ್ಡ್ ಬಂದ್ರೆ ಹೋಗಲ್ಲ ಬಿಡು" ಅಂತ ಅಮ್ಮ ಹೇಳಿದ್ದೇ ನಿಜ ಅಂದುಕೊಂಡಿದ್ದೆ. 2023ರಲ್ಲಿ ಕೊನೆಗೂ ಹೋದೆ. ಮೊದಲು ಮಾತ್ರೆ ಅರ್ಧ ಆಯಿತು, ಆಮೇಲೆ ಪೂರ್ತಿ ನಿಂತಿತು. ಆರು ವಾರ ಬಿಟ್ಟು ಟಿಎಸ್‌ಎಚ್ 2.6. ಮೂರು ತಿಂಗಳು ಬಿಟ್ಟು 2.9. ಎರಡೂ ಸರಿ. ಈಗ ವರ್ಷಕ್ಕೊಮ್ಮೆ ನೋಡಿಸುತ್ತೇನೆ.

ಸರಿ, ಈಗ ಹೇಳಿ. ಫಾರಂನಲ್ಲಿ ಏನು ಬರೆಯಲಿ?

ನಮ್ಮ ಭಾಷೆಯನ್ನೇ ನೋಡಿ. "ನಂಗೆ ಥೈರಾಯ್ಡ್ ಇದೆ" ಅನ್ನುತ್ತೇವೆ. ಥೈರಾಯ್ಡ್ ಎಲ್ಲರಿಗೂ ಇದೆ ಮಾರಾಯ್ರೆ, ಗಂಟಲ ಮುಂದೆ ಚಿಟ್ಟೆಯಂತೆ ಕೂತಿರುತ್ತದೆ. ನಾವು ಹೇಳುತ್ತಿರುವುದು ಕಾಯಿಲೆಯನ್ನು. ಯಾವ ಕಾಯಿಲೆ, ಯಾವತ್ತು, ಎಷ್ಟು ದಿನ ಎಲ್ಲವನ್ನೂ ಆ 'ಇದೆ' ನುಂಗಿಬಿಡುತ್ತದೆ. ಆಸ್ಪತ್ರೆ ಫೈಲೂ ಅದನ್ನೇ ಮಾಡುತ್ತದೆ. ಬಸಿರು ಬಾಣಂತನದ ಥೈರಾಯ್ಡ್ ಲೆಕ್ಕಗಳಲ್ಲಿ ನಾನು ಕಂಡ ದೊಡ್ಡ ತಪ್ಪು ಸುಳ್ಳು ಬರೆಯುವುದಲ್ಲ. 'ಇತ್ತು' ಅಂತ ಬರೆಯಬೇಕಾದ ಕಡೆ 'ಇದೆ' ಅಂತ ಬರೆದು ಬಿಡುವುದು.

ನನ್ನ ಕೆಲಸದ ಒಳಗಿನಿಂದ ಇದು ಹೇಗೆ ಕಾಣುತ್ತದೆ ಹೇಳುತ್ತೇನೆ. ಕಾಯಿಲೆಗಳ ಕೋಡ್ ಪಟ್ಟಿಗೆ ಐಸಿಡಿ ಅನ್ನುತ್ತಾರೆ. ಅದರ ಹತ್ತನೇ ಆವೃತ್ತಿಯಲ್ಲಿ ಥೈರಾಯ್ಡ್ ಕಾಯಿಲೆಗಳು 'ಇ' ಅಕ್ಷರದಲ್ಲಿವೆ. ಇ 03 ಹೈಪೋ, ಇ 05 ಹೈಪರ್, ಇ 06 ಉರಿಯೂತ. ಬಸಿರು, ಹೆರಿಗೆ, ಬಾಣಂತನದ ಕಾಯಿಲೆಗಳಿಗೆ ಬೇರೆ ಮನೆ, 'ಓ' ಅಕ್ಷರ. ಪೋಸ್ಟ್‌ಪಾರ್ಟಮ್ ಥೈರಾಯ್ಡೈಟಿಸ್‌ಗೆ ಅಂತಲೇ ಒಂದು ಕೋಡ್ ಇದೆ, ಓ 90.5. ಹನ್ನೊಂದು ವರ್ಷದ ಕೆಲಸದಲ್ಲಿ ಅದನ್ನು ನಾನು ಹಾಕಿದ್ದು ಕೈಬೆರಳಲ್ಲಿ ಎಣಿಸುವಷ್ಟು ಸಲ. ನೂರಕ್ಕೆ ಐದು ಜನಕ್ಕೆ ಬರುವ ಕಾಯಿಲೆ, ಅದರ ಕೋಡ್ ಕಣ್ಣಿಗೇ ಬೀಳುವುದಿಲ್ಲ. ಯಾಕೆ?

ಒಂದು ಕಾರಣ, ಬಾಣಂತನದ ಅಳತೆ. ನಾವು ಬಳಸುವ ಅಮೆರಿಕದ ಗೈಡ್‌ಲೈನ್ ಪ್ರಕಾರ ಬಾಣಂತನ ಅಂದರೆ ಹೆರಿಗೆ ಆಗಿ ಆರು ವಾರ. ಈ ಕಾಯಿಲೆ ಸಾಮಾನ್ಯವಾಗಿ ತಲೆ ಎತ್ತುವುದೇ ಆರು ವಾರ ಕಳೆದ ಮೇಲೆ. ಎರಡನೇ ತಿಂಗಳು, ನಾಲ್ಕನೇ ತಿಂಗಳು, ಎಂಟನೇ ತಿಂಗಳು. ಡಾಕ್ಟರು 'ಇದು ಹೆರಿಗೆಗೆ ಸಂಬಂಧಪಟ್ಟದ್ದು' ಅಂತ ಚಾರ್ಟ್‌ನಲ್ಲಿ ಬರೆದರೆ ಆಮೇಲೂ 'ಓ' ಕೋಡ್ ಹಾಕಬಹುದು. ಬರೆಯದಿದ್ದರೆ ಹಾಗೆ ಹಾಕುವಂತಿಲ್ಲ. ಆ ಹೊತ್ತಿಗೆ ಹೆರಿಗೆ ಡಾಕ್ಟರ ಕೈಯಿಂದ ಆಕೆ ಹೊರಗೆ ಬಂದಾಗಿರುತ್ತದೆ. ಕೂದಲು ಉದುರುತ್ತದೆ ಅಂತ ಚರ್ಮದ ಡಾಕ್ಟರ ಹತ್ತಿರ, ಎದೆ ಹೊಡೆದುಕೊಳ್ಳುತ್ತದೆ ಅಂತ ಮತ್ತೊಬ್ಬರ ಹತ್ತಿರ ಹೋಗಿರುತ್ತಾಳೆ. ಅವರು 'ಹೈಪೋಥೈರಾಯ್ಡ್' ಅಂತ ಒಂದು ಪದ ಬರೆಯುತ್ತಾರೆ. ನಾನು ಇ 03.9 ಹಾಕುತ್ತೇನೆ. ಮಗು ಕಥೆಯಿಂದಲೇ ಮಾಯ.

ಇನ್ನೊಂದು, ನಾವು ರಕ್ತದ ನಂಬರ್ ನೋಡಿ ಕೋಡ್ ಹಾಕುವಂತಿಲ್ಲ. ಟಿಎಸ್‌ಎಚ್ 60 ಇದ್ದರೂ ಸರಿ, ಡಾಕ್ಟರು ಬಾಯಿ ಬಿಟ್ಟು ಕಾಯಿಲೆಯ ಹೆಸರು ಬರೆಯಬೇಕು. ಅದೇ ರೀತಿ ನಂಬರ್ ಪೂರ್ತಿ ಸರಿಯಿದ್ದು 'ಹೈಪೋಥೈರಾಯ್ಡ್' ಅಂತ ಬರೆದಿದ್ದರೆ ಕೋಡ್ ಬೀಳುತ್ತದೆ. ಅನುಮಾನ ಇದ್ದರೆ ಡಾಕ್ಟರಿಗೆ ಕ್ವೆರಿ, ಅಂದರೆ ಲಿಖಿತ ಪ್ರಶ್ನೆ, ಕಳಿಸಬಹುದು, ಆದರೆ ದಿನದ ಟಾರ್ಗೆಟ್ ತಲೆ ಮೇಲಿರುವಾಗ ಪ್ರತಿ ಥೈರಾಯ್ಡಿಗೂ ಕ್ವೆರಿ ಕಳಿಸುವವರು ಯಾರು? ಇದಕ್ಕಿಂತ ವಿಚಿತ್ರವಾದ ನಿಯಮ ಒಂದಿದೆ. ಹೊರರೋಗಿ ಚಾರ್ಟ್‌ನಲ್ಲಿ 'ಇರಬಹುದು' ಅಂತ ಬರೆದಿದ್ದರೆ ಆ ಕಾಯಿಲೆಯ ಕೋಡ್ ಹಾಕಬಾರದು. ಒಳರೋಗಿಯಾಗಿ ದಾಖಲಾಗಿ, ಬಿಡುಗಡೆಯ ಹೊತ್ತಿಗೂ 'ಇರಬಹುದು' ಅಂತ ಉಳಿದಿದ್ದರೆ, ಇದ್ದಂತೆಯೇ ಹಾಕಬೇಕು. ಹತ್ತನೇ ವಾರದಲ್ಲಿ ವಾಂತಿಗೆ ಡ್ರಿಪ್ ಹಾಕಿಸಲು ಎರಡು ದಿನ ಮಲಗಿದ ಹುಡುಗಿಗೆ 'ಹೈಪರ್‌ಥೈರಾಯ್ಡ್ ಇರಬಹುದು' ಅಂತ ಬರೆದರು ಅಂತಿಟ್ಟುಕೊಳ್ಳಿ. ಲೆಕ್ಕದ ಪ್ರಕಾರ ಅವಳಿಗೆ ಹೈಪರ್‌ಥೈರಾಯ್ಡ್ ಇದೆ. ನಿಯಮ ಪಾಲಿಸಿದ್ದೇನೆ, ಆಡಿಟ್‌ನಲ್ಲಿ ನೂರಕ್ಕೆ ನೂರು. ಆದರೆ ದಾಖಲೆ ತಪ್ಪು.

ಹೊಸದಾಗಿ ಸೇರುವ ಹುಡುಗರು ಮಾಡುವ ಒಂದು ತಪ್ಪು ನೆನಪಾಯಿತು. ಚಾರ್ಟ್‌ನಲ್ಲಿ 'ಸಬ್‌ಕ್ಲಿನಿಕಲ್ ಹೈಪೋಥೈರಾಯ್ಡಿಸಂ' (ಟಿಎಸ್‌ಎಚ್ ಮಾತ್ರ ಏರಿ, ಥೈರಾಯ್ಡ್ ಹಾರ್ಮೋನು ಸರಿಯಾಗೇ ಇರುವ ಸ್ಥಿತಿ) ಅಂತ ಕಂಡ ಕೂಡಲೇ ಇ 02 ಹಾಕಿಬಿಡುತ್ತಾರೆ, ಅದರ ಹೆಸರಿನಲ್ಲಿ 'ಸಬ್‌ಕ್ಲಿನಿಕಲ್' ಅಂತ ಇದೆಯಲ್ಲ ಅಂತ. ಪೂರ್ತಿ ಹೆಸರು ಓದಿದರೆ ಅದು ಅಯೋಡಿನ್ ಕೊರತೆಯಿಂದ ಬಂದ ಸಬ್‌ಕ್ಲಿನಿಕಲ್. ಅಯೋಡಿನ್ ಉಪ್ಪು ತಿಂದುಕೊಂಡು ಚೆನ್ನಾಗಿರುವ ಹೆಂಗಸಿಗೆ ಕೂತಲ್ಲೇ ಅಯೋಡಿನ್ ಕೊರತೆ ಬಂದುಬಿಡುತ್ತದೆ. ನನ್ನ ಅಜ್ಜಿಯ ತಾಯಿಗೆ ಗಳಗಂಡ ಇತ್ತಂತೆ, ಮಲೆನಾಡಿನ ಹಳೇ ಕಾಲ, ಅದು ನಿಜವಾದ ಕೊರತೆ. ಇದು ಕೀಬೋರ್ಡಿನ ಕೊರತೆ.

ಇನ್ನು ಗೆರೆ ಎಲ್ಲಿ ಎಳೆಯಬೇಕು ಅನ್ನುವುದೇ ಬದಲಾಗುತ್ತಾ ಬಂದಿದೆ. ಅಮೆರಿಕದ ಥೈರಾಯ್ಡ್ ಸಂಘ 2011ರಲ್ಲಿ ಬಸಿರಿನ ಮೊದಲ ಮೂರು ತಿಂಗಳಿಗೆ ಟಿಎಸ್‌ಎಚ್ 2.5 ಮೇಲ್ಮಿತಿ ಅಂದಿತು. 2017ರಲ್ಲಿ ಅದೇ ಸಂಘ, ನಿಮ್ಮ ಊರಿನದೇ ಅಳತೆ ಇದ್ದರೆ ಅದನ್ನು ಬಳಸಿ, ಇಲ್ಲದಿದ್ದರೆ ಸುಮಾರು 4 ಅಂದಿತು. ನಮ್ಮ ಕೇಂದ್ರ ಸರ್ಕಾರದ 2014ರ ಮಾರ್ಗಸೂಚಿಯಲ್ಲಿ ಮೊದಲ ಮೂರು ತಿಂಗಳಿಗೆ 2.5, ಆಮೇಲೆ 3. ಹೀಗಾಗಿ 3.2 ಬಂದ ಬಸುರಿ ಒಂದು ಕ್ಲಿನಿಕ್ಕಿನಲ್ಲಿ ರೋಗಿ, ರಸ್ತೆ ದಾಟಿ ಇನ್ನೊಂದಕ್ಕೆ ಹೋದರೆ ಆರೋಗ್ಯವಂತೆ. ರಕ್ತ ಅದೇ. ಮಾತ್ರೆ ಕೊಟ್ಟದ್ದು ತಪ್ಪು ಅಂತ ನಾನು ಹೇಳುತ್ತಿಲ್ಲ. ಮಗುವಿನ ವಿಷಯದಲ್ಲಿ ಎಚ್ಚರಿಕೆಗೆ 25 ಮೈಕ್ರೋಗ್ರಾಂ ಕೊಡುವುದು ಒಂದು, ಆಕೆಗೆ ಜೀವನಪೂರ್ತಿ 'ಥೈರಾಯ್ಡ್ ಪೇಷೆಂಟ್' ಅಂತ ಹೆಸರಿಡುವುದು ಇನ್ನೊಂದು. ಹೆರಿಗೆ ಆದ ಮೇಲೆ ಮಾತ್ರೆ ನಿಲ್ಲಿಸಿ ಮತ್ತೆ ಪರೀಕ್ಷೆ ಮಾಡಿ ಅನ್ನುವ ಸಾಲನ್ನು ಯಾರೂ ದಪ್ಪ ಅಕ್ಷರದಲ್ಲಿ ಬರೆಯುವುದಿಲ್ಲ.

ನನ್ನ ಗೆಳತಿಯೊಬ್ಬಳದು ಇನ್ನೂ ತಮಾಷೆ. ಹೆರಿಗೆ ಆಗಿ ಐದು ತಿಂಗಳು, ಟಿಎಸ್‌ಎಚ್ ನೆಲ ಕಚ್ಚಿದೆ, ಥೈರಾಯ್ಡ್ ಮಾಡುವ ಹಾರ್ಮೋನು ಟಿ4 ಮೇಲಿದೆ. ಹೈಪರ್ ಅಂತ ಬರೆದಾಯಿತು. ಇನ್ನೊಬ್ಬ ಡಾಕ್ಟರು ಕೇಳಿದ ಮೊದಲ ಪ್ರಶ್ನೆ, "ಕೂದಲಿಗೆ ಏನಾದ್ರೂ ಮಾತ್ರೆ ತಗೋತಿದ್ದೀರಾ?" ಹೌದು, ಬಯೋಟಿನ್ ಅನ್ನುವ ವಿಟಮಿನ್ ಮಾತ್ರೆ, ಆನ್‌ಲೈನಿನಲ್ಲಿ ತರಿಸಿದ್ದು. ಕೆಲವು ಲ್ಯಾಬ್ ಯಂತ್ರಗಳು ಅಳೆಯಲು ಬಳಸುವ ಅಂಟು ಬಯೋಟಿನ್ ಮೇಲೇ ನಿಂತಿದೆ. ರಕ್ತದಲ್ಲಿ ಅದು ತುಂಬಿದ್ದರೆ ಟಿಎಸ್‌ಎಚ್ ಸುಳ್ಳು ಸುಳ್ಳೇ ಕಮ್ಮಿ ಕಾಣುತ್ತದೆ, ಟಿ4 ಸುಳ್ಳು ಸುಳ್ಳೇ ಜಾಸ್ತಿ. ಕೆಲವು ದಿನ ಮಾತ್ರೆ ಬಿಟ್ಟು ಮತ್ತೆ ರಕ್ತ ಕೊಟ್ಟಳು, ಎಲ್ಲ ಸರಿ. ಬಾಣಂತಿಯ ಕೂದಲು ಉದುರಿತು, ಮಾತ್ರೆ ತಿಂದಳು, ಕಾಯಿಲೆ ಬಂತು. ಅದೂ ಕಾಗದದ ಮೇಲೆ ಮಾತ್ರ.

ಇಷ್ಟೆಲ್ಲ ಓದಿ, ಹಾಗಾದರೆ ದಾಖಲೆಗೆ ಅರ್ಥವೇ ಇಲ್ಲ ಅಂದುಕೊಳ್ಳಬೇಡಿ. ಇದರ ಉಲ್ಟಾ ತಪ್ಪು ಇನ್ನೂ ಅಪಾಯ. ಗ್ರೇವ್ಸ್ ಕಾಯಿಲೆ ಇದ್ದ ಹೆಂಗಸು. ಮದುವೆಗೆ ಮೊದಲು ಥೈರಾಯ್ಡ್ ತೆಗೆಸಿದ್ದಾಳೆ. ಗ್ರಂಥಿಯೇ ಇಲ್ಲ, ದಿನಾ ಲಿವೋಥೈರಾಕ್ಸಿನ್ ತಿನ್ನುತ್ತಾಳೆ. ಬಸುರಿಯಾಗಿ ಬಂದಾಗ ಏನು ಬರೆಯುತ್ತಾರೆ? 'ಹೈಪೋಥೈರಾಯ್ಡ್, ಚಿಕಿತ್ಸೆಯಲ್ಲಿದ್ದಾರೆ'. ಸುಳ್ಳಲ್ಲ. ಆದರೆ ಗ್ರೇವ್ಸ್‌ನ ಆಂಟಿಬಾಡಿ ಗ್ರಂಥಿ ಹೋದ ಮೇಲೂ ವರ್ಷಗಟ್ಟಲೆ ರಕ್ತದಲ್ಲಿ ಓಡಾಡುತ್ತಿರಬಹುದು. ಮಾಸು ದಾಟಿ ಮಗುವಿನ ಥೈರಾಯ್ಡಿಗೆ ಹೋಗಬಹುದು. ತಾಯಿಗೆ ಗ್ರಂಥಿ ಇಲ್ಲ, ಅವಳ ರಿಪೋರ್ಟ್ ತಣ್ಣಗಿದೆ, ಒಳಗೆ ಮಗುವಿನ ಎದೆ ಮಾತ್ರ ಓಡುತ್ತಿರುತ್ತದೆ. ಬಸಿರಿನ ಶುರುವಿನಲ್ಲೇ ಆ ಆಂಟಿಬಾಡಿ ನೋಡಬೇಕು ಅಂತ ಗೈಡ್‌ಲೈನ್ ಇರುವುದು ಇದಕ್ಕೇ. ಇಲ್ಲಿ 'ಇದೆ' ಸಾಲದು. ಹಿಂದೆ ಏನಿತ್ತು ಅನ್ನುವುದೇ ಮುಖ್ಯ. ಒಂದು ಚಾರ್ಟ್‌ನಲ್ಲಿ ಹೀಗೇ ನೋಡಿದ್ದೆ. ಹಳೇ ಆಪರೇಷನ್ ವಿವರ ಹದಿನೇಳನೇ ಪುಟದಲ್ಲಿತ್ತು. ಅವತ್ತು ಟಾರ್ಗೆಟ್ ಹೋದರೆ ಹೋಗಲಿ ಅಂತ ಕ್ವೆರಿ ಕಳಿಸಿದೆ.

ಕೋಡ್ ಎಷ್ಟು ನಂಬಬಹುದು ಅಂತ ಪರೀಕ್ಷೆ ಮಾಡುವ ದಾರಿ ಇದೆ. ಕೋಡ್ ಇರುವ ನೂರು ಜನರ ಫೈಲ್ ಹೊರಗೆ ತೆಗೆದು, ರಕ್ತದ ರಿಪೋರ್ಟು, ಆಂಟಿಬಾಡಿ, ಕೊಟ್ಟ ಮಾತ್ರೆ ಎಲ್ಲ ಓದಿ, ನಿಜವಾಗಿ ಎಷ್ಟು ಜನಕ್ಕೆ ಆ ಕಾಯಿಲೆ ಇತ್ತು ಅಂತ ಎಣಿಸುವುದು. ಬೇಜಾರಿನ ಕೆಲಸ, ಆದರೆ ಬೇರೆ ದಾರಿ ಇಲ್ಲ. ಡೆನ್ಮಾರ್ಕಿನವರಿಗೆ ಇದು ಸಲೀಸು. ಅಲ್ಲಿ 1968ರಿಂದ ಪ್ರತಿಯೊಬ್ಬರಿಗೂ ಒಂದು ನಂಬರ್, 1977ರಿಂದ ಇಡೀ ದೇಶದ ಆಸ್ಪತ್ರೆ ದಾಖಲೆಗಳ ಒಂದೇ ಪಟ್ಟಿ. ಆ ಪಟ್ಟಿಗಳಿಂದಲೇ 2015ರಲ್ಲಿ ಅವರು ಒಂದು ಲೆಕ್ಕ ಕೊಟ್ಟರು. ಹೊಸದಾಗಿ ಹೈಪರ್‌ಥೈರಾಯ್ಡ್ ಅಂತ ದಾಖಲಾಗುವುದು ಬಸಿರಿನ ಮೊದಲ ಮೂರು ತಿಂಗಳಲ್ಲಿ ಏರುತ್ತದೆ, ಕೊನೆಯ ಮೂರು ತಿಂಗಳಲ್ಲಿ ತೀರಾ ಇಳಿಯುತ್ತದೆ, ಹೆರಿಗೆ ಆಗಿ ಏಳರಿಂದ ಒಂಬತ್ತನೇ ತಿಂಗಳಲ್ಲಿ ಎಲ್ಲಕ್ಕಿಂತ ಜಾಸ್ತಿ. ಅದನ್ನು ಓದಿದಾಗ ನನಗೆ ಹೊಳೆದದ್ದು ಒಂದೇ. ಆ ಮೊದಲ ಏರಿಕೆಯಲ್ಲಿ ನನ್ನಂಥ ವಾಂತಿ ಹುಡುಗಿಯರು ಎಷ್ಟು ಜನ, ನಿಜವಾದ ಗ್ರೇವ್ಸ್ ಎಷ್ಟು? ಕೊನೆಯ ಏರಿಕೆಯಲ್ಲಿ ಸೋರಿದ ಗ್ರಂಥಿ ಎಷ್ಟು? ಗ್ರೇವ್ಸ್ ಆದರೆ ಗ್ರಂಥಿಯನ್ನು ತಡೆಯುವ ಮಾತ್ರೆ ಬೇಕು. ಬರೀ ಸೋರಿಕೆ ಆದರೆ ಆ ಮಾತ್ರೆಯಿಂದ ಏನೂ ಪ್ರಯೋಜನ ಇಲ್ಲ, ಒಡೆದ ಕೊಡಕ್ಕೆ ನಲ್ಲಿ ನಿಲ್ಲಿಸಿದ ಹಾಗೆ. ಮೂರಕ್ಕೂ ಕೋಡ್ ಮಾತ್ರ ಇ 05 ಅಂತಲೇ ಬಿದ್ದಿರಬಹುದು. ಫೈಲ್ ತೆಗೆಯದೆ ಗೊತ್ತಾಗುವುದಿಲ್ಲ.

ನಮ್ಮಲ್ಲಿ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯವರು ಮನೆಗೆ ಬಂದು, ಗಳಗಂಡ ಅಥವಾ ಥೈರಾಯ್ಡ್ ತೊಂದರೆ ಇದೆಯಾ ಅಂತ ಕೇಳುತ್ತಾರೆ. 2021ರಲ್ಲಿ ನನ್ನನ್ನು ಕೇಳಿದ್ದರೆ ಹೌದು ಅನ್ನುತ್ತಿದ್ದೆ. ಬಾಣಂತನದಲ್ಲಿ ಶಾಲು ಹೊದ್ದು ಸುಧಾರಿಸಿಕೊಂಡ ನನ್ನ ಅತ್ತಿಗೆಯನ್ನು ಕೇಳಿದ್ದರೆ ಇಲ್ಲ ಅನ್ನುತ್ತಿದ್ದರು. ಅವರು ಒಂದು ಟಿಎಸ್‌ಎಚ್ ಕೂಡ ಮಾಡಿಸಿಲ್ಲ.

ವಿಮೆಯ ಫಾರಂಗೆ ಕೊನೆಗೆ ಒಂದು ಬಿಳಿ ಹಾಳೆ ಸೇರಿಸಿದೆ. 2019 ಜನವರಿ, ಹತ್ತನೇ ವಾರ, ಇಷ್ಟು. ಹದಿನೆಂಟನೇ ವಾರ, ಇಷ್ಟು. ಹೆರಿಗೆ ಆಗಿ ನಾಲ್ಕನೇ ತಿಂಗಳು, ಇಷ್ಟು. ಮಾತ್ರೆ ನಿಲ್ಲಿಸಿದ್ದು, ಆಮೇಲಿನ ಎರಡು ರಿಪೋರ್ಟು. ಏಜೆಂಟ್ ಅದನ್ನು ತಿರುಗಿಸಿ ನೋಡಿ, "ಮೇಡಂ, ಸಿಸ್ಟಂನಲ್ಲಿ ಹೌದು, ಇಲ್ಲ ಎರಡೇ ಇರೋದು" ಅಂದರು. 'ಹೌದು' ಒತ್ತಿದರು.

ಹೋದ ವಾರ ತಂಗಿ ಫೋನ್ ಮಾಡಿದಳು. ಏಳನೇ ವಾರ, ಮೊದಲ ಸಲ ಆಸ್ಪತ್ರೆಗೆ ಹೋಗಿದ್ದಾಳೆ. ಹಿಂದುಗಡೆ ಟೋಕನ್ ನಂಬರ್ ಕೂಗುವ ಸದ್ದು.

"ಅಕ್ಕಾ, ಮನೇಲಿ ಯಾರಿಗಾದ್ರೂ ಥೈರಾಯ್ಡ್ ಇದ್ಯಾ ಅಂತ ಕೇಳ್ತಿದ್ದಾರೆ. ನಿಂದು ಏನಂತ ಬರೆಸ್ಲಿ?"

ನಾನು ಶುರು ಮಾಡಿದೆ. ಮೊದಲು ಹೈಪರ್ ಅಂದ್ರು, ಆದ್ರೆ ಅದು ಕಾಯಿಲೆ ಅಲ್ಲ. ಆಮೇಲೆ ಬಾಣಂತನದಲ್ಲಿ ಬಂದದ್ದು ನಿಜ, ಅದು ಬರೆಸು, ಅದರ ಹೆಸರು ಪೋಸ್ಟ್‌ಪಾರ್ಟಮ್...

"ಅಯ್ಯೋ ತಡಿಯೇ" ಅಂದಳು. "ಒಂದೇ ಗೆರೆ ಇರೋದು ಇಲ್ಲಿ."

"ಹಾಗಾದ್ರೆ ಸಿಸ್ಟರ್‌ಗೇ ಫೋನ್ ಕೊಡು" ಅಂದೆ.